ತಲೆಯಿಲ್ಲದ ಕೊಕ್ಕರೆ

“ಮುಚ್ಚು ಬಾಯಿ! ಸಿಮೆಂಟು ಕಲ್ಲಾಗೋವರೆಗೂ ಹರಟೆ ಹೊಡೆದವನು ನೀನು. ಈಗ ತಪ್ಪನ್ನ ನನ್ನ ಗೋಂದಿನ ಮೇಲೆ ಹಾಕ್ತೀಯಾ?”

ತಂಗಿ ಒದ್ದೆ ಸ್ಪಂಜನ್ನು ಬಕೆಟ್ಟಿಗೆ ಎಸೆದಳು. ನೀರು ಅಣ್ಣನ ಇಸ್ತ್ರಿ ಪ್ಯಾಂಟಿಗೆ ಸಿಡಿಯಿತು. ಹಲ್ಲಿನ ಡಾಕ್ಟರಮ್ಮನ ಹೊಸ ಕ್ಲಿನಿಕ್ಕಿನ ಗೋಡೆಯಲ್ಲಿ ಕೊಕ್ಕರೆ ನಿಂತಿತ್ತು. ಕಾಲು ಸರಿ, ರೆಕ್ಕೆ ಸರಿ, ತಲೆಯೇ ಇಲ್ಲ. ತಲೆಯ ಚೂರುಗಳೆಲ್ಲ ಕಾಗದದ ಜೊತೆ ಕಿತ್ತುಬಂದಿದ್ದವು.

ಮೊಸಾಯಿಕ್ ಕೆಲಸವೇ ಹಾಗೆ. ಬಣ್ಣದ ಚೂರುಗಳನ್ನು ಮುಖ ಕೆಳಗೆ ಮಾಡಿ ಕಾಗದಕ್ಕೆ ಅಂಟಿಸಬೇಕು. ಗೋಡೆಯ ಸಿಮೆಂಟು ಹಸಿಯಿರುವಾಗಲೇ ಕಾಗದ ಒತ್ತಬೇಕು. ಆಮೇಲೆ ಅದನ್ನು ನೆನೆಸಿ ಸುಲಿಯಬೇಕು; ಗೋಂದು ಬಿಟ್ಟು ಚೂರುಗಳು ಗೋಡೆಯಲ್ಲೇ ಉಳಿಯುತ್ತವೆ. ಚೂರು ಕತ್ತರಿಸುವುದು, ಅಂಟಿಸುವುದು ಅಪ್ಪನ ಕಾಲದಿಂದಲೂ ತಂಗಿಯ ಪಾಲು. ಒತ್ತುವುದು, ಗಿರಾಕಿಗಳ ಮುಂದೆ ಹಲ್ಲು ಕಿರಿಯುವುದು ಅಣ್ಣನದು. ಈ ಕೊಕ್ಕರೆಯ ಚಿತ್ರ ಬರೆದವಳೂ ಅವಳೇ, ಇದೇ ಮೊದಲು. “ಆಯ್ತು ಮಾರಾಯ್ತಿ, ಕೆಳಗೆ ನಿನ್ನ ಹೆಸರೇ ಹಾಕೋಣ” ಅಂತ ಅಣ್ಣ ಡಾಕ್ಟರಮ್ಮನ ಎದುರೇ ಒಪ್ಪಿದ್ದ.

ಅಷ್ಟರಲ್ಲಿ ಯಾವನೋ ಓದಿದ ಗಿರಾಕಿ ಅವನಿಗೊಂದು ಪದ ಕೊಟ್ಟುಹೋದ. ಅಬಾಕ್ಯುಲಸ್. ಮೊಸಾಯಿಕ್ಕಿನ ಚೂರಿಗೆ ಎಲ್ಲರೂ ಮರೆತ ಹಳೇ ಹೆಸರಂತೆ. ಅಂದಿನಿಂದ ಅಣ್ಣನ ಕಾಲು ನೆಲಕ್ಕೆ ತಾಗಿಲ್ಲ. ಇವತ್ತು ಬೆಳಿಗ್ಗೆಯೂ ಅದೇ ಪುರಾಣ. ತಲೆಯ ಜಾಗಕ್ಕೆ ಸಿಮೆಂಟು ಬಳಿದು, ಕರಣೆ ಕೈಯಲ್ಲೇ ಹಿಡಿದು ಶುರುಹಚ್ಚಿಕೊಂಡ.

“ಮೂಲದಲ್ಲಿ ಪುಟ್ಟ ಮಣೆ ಅಂತ ಅರ್ಥ, ಡಾಕ್ಟ್ರೇ. ನಾವು ಗೋಡೆಗೆಲ್ಲ ಮಣೆ ಹಾಕೋರು!”

ಹೇಳಿ ತಾನೇ ಮೊದಲು ನಕ್ಕ. ಸಾವಿರ ಸಲ ಹಳಸಿದ ಹಾಸ್ಯ. “ಅಣ್ಣಾ, ಸಿಮೆಂಟು” ಅಂತ ತಂಗಿ ಕೂಗಿದ್ದಕ್ಕೆ ನೊಣ ಓಡಿಸುವ ಹಾಗೆ ಕೈ ಬೀಸಿದ. ಕೊನೆಗೆ ಒಣಗಿದ್ದರ ಮೇಲೆ ನೀರು ಚಿಮುಕಿಸಿ ತಲೆಯ ಕಾಗದ ಒತ್ತಿದ. ಕೂತೀತೇ?

ಈಗ ಸದ್ದು ಕೇಳಿ ಡಾಕ್ಟರಮ್ಮ ಬಂದು ಗೋಡೆ ನೋಡಿದರು. “ಇದೇನು?”

ಅಣ್ಣನ ಮುಖಕ್ಕೆ ನಗು ಬಂತು. “ಏನಿಲ್ಲ ಡಾಕ್ಟ್ರೇ, ತಂಗಿ ಗೋಂದು ಗಟ್ಟಿ ಮಾಡಿಬಿಟ್ಲು. ಪಾಪ, ಇನ್ನೂ ಕಲೀತಾ ಇದ್ದಾಳೆ.”

ತಂಗಿಗೆ ಕೂದಲು ನರೆಯುತ್ತಿತ್ತು. ಇನ್ನೂ ಕಲಿಯುತ್ತಿದ್ದಾಳಂತೆ!

“ಇವರ ಹೆಸರು ಹಾಕ್ತೀವಿ ಅಂದಿದ್ರಲ್ಲ?”

“ಬೇಡ ಬಿಡಿ, ಇಷ್ಟಾದ ಮೇಲೆ! ಅಂಗಡಿಗೇ ಹೊಸ ಹೆಸರಿಟ್ಟಿದ್ದೀನಿ. ಅಬಾಕ್ಯುಲಸ್. ಅದನ್ನೇ ಹಾಕೋಣ.”

ತಂಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೂಗಾಡುವಷ್ಟೂ ಯೋಗ್ಯತೆ ಇಲ್ಲದ ಮನುಷ್ಯ. ಇಷ್ಟು ವರ್ಷ ಇವನ ಬೆನ್ನಿಗೆ ನಿಂತು ಚೂರು ಕತ್ತರಿಸಿದೆನಲ್ಲ ಅಂತ ತನ್ನ ಮೇಲೇ ಹೇಸಿಗೆಯಾಯಿತು.

“ಹಾಕು. ತಲೆ ಇಲ್ಲದ್ದಕ್ಕೆ ಆ ಹೆಸರೇ ಸರಿ.”

ಚೂರು ಕತ್ತರಿಸುವ ಇಕ್ಕಳವನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿದಳು. “ಡಾಕ್ಟ್ರಮ್ಮಾ, ಗೋಂದು ಸರಿಯಾಗೇ ಇತ್ತು. ಒಣಗಿದ್ದು ಸಿಮೆಂಟು. ಒಣಗುವಾಗ ನೀವೂ ಇಲ್ಲೇ ನಿಂತು ನಗ್ತಿದ್ರಿ.”

ಡಾಕ್ಟರಮ್ಮ ನೆಲ ನೋಡಿದರು.

“ಏಯ್, ಎಲ್ಲಿಗೆ? ತಲೆ ಯಾರು ಕೂರಿಸ್ತಾರೆ?”

“ಒಂದು ಪದಕ್ಕೆ ಮಣೆ ಹಾಕಿ ಕೂರಿಸಿದ್ದೀಯಲ್ಲ, ಅದನ್ನೇ ಕೇಳು.”

ಮೆಟ್ಟಿಲಿಳಿಯುವಾಗ ಹಿಂದಿನಿಂದ ಅಣ್ಣನ ಮಾತು ಕೇಳಿಸಿತು. “ಅವಳದ್ದು ಯಾವಾಗಲೂ ಇದ್ದಿದ್ದೇ ಡಾಕ್ಟ್ರೇ. ಊಟದ ಹೊತ್ತಿಗೆ ಬರ್ತಾಳೆ.”

ಆ ಊಟಕ್ಕೆ ಅವಳು ಬರಲಿಲ್ಲ. ಮುಂದಿನ ಯಾವ ಊಟಕ್ಕೂ ಬರಲಿಲ್ಲ.