ಹಿಂದೇನೇ ಇರಿ, ಅತ್ತೆ

ಅಮೆರಿಕನ್ ಫುಟ್‌ಬಾಲ್ ವಿಡಿಯೊ ಗೇಮಿನಲ್ಲಿ ಸೋತವರು ವಾರವಿಡೀ ಪಾತ್ರೆ ತೊಳೆಯಬೇಕೆಂದು ಅತ್ತೆ ಸೊಸೆಯರಲ್ಲಿ ಮಾತಾಗಿತ್ತು. ಅತ್ತೆ ನಿವೃತ್ತ ನರ್ಸ್. ಆಟ ಕಲಿಸಿದವಳೂ ಎದುರಾಳಿಯೂ ಸೊಸೆಯೇ.

ಕೊನೆಯ ಓಟ. ಚೆಂಡು ಹಿಡಿದ ಆಟಗಾರ ಕೊನೆಯ ಗೆರೆ ದಾಟಿದರೆ ಅತ್ತೆಗೆ ಗೆಲುವು.

"ಮೈದಾನದ ಅಂಚಿಗೆ ಓಡಿ ಅತ್ತೆ. ಆದ್ರೆ ಅಡ್ಡ ಬರೋರನ್ನ ತಳ್ಳೋ ನಿಮ್ಮ ತಡೆಗಾರರು ಮುಂದಿರ್ಲಿ, ನೀವು ಹಿಂದೇನೇ ಇರಿ," ಎಂದಳು ಸೊಸೆ.

"ಮೂವತ್ತು ವರ್ಷ ಡಾಕ್ಟರ ಹಿಂದೆ ನಡೆದೋಳಿಗೆ ನೀನು ಹೇಳ್ಕೊಡ್ತೀಯಾ?"

ಅತ್ತೆ ತಮ್ಮ ಆಟಗಾರನನ್ನು ಓಡಿಸಿದರು. ಅವರ ಇಬ್ಬರು ತಡೆಗಾರರು ಅಡ್ಡ ಬಂದವರನ್ನೆಲ್ಲ ಪಕ್ಕಕ್ಕೆ ತಳ್ಳಿದರು. ದಾರಿ ಸಲೀಸಾಯಿತು. ಅಷ್ಟರಲ್ಲಿ ತಡೆಗಾರರಲ್ಲೊಬ್ಬ ಧೊಪ್ಪನೆ ಬಿದ್ದ. ಅತ್ತೆ ಗಕ್ಕನೆ ಓಟ ನಿಲ್ಲಿಸಿ ಅವನತ್ತ ತಿರುಗಿದರು. ಎದುರಾಳಿಗಳು ಮೂವರು ಮೇಲೆ ಬಿದ್ದರು. ಆಟ ಮುಗಿಯಿತು.

"ಯಾಕೆ ನಿಂತ್ರಿ?"

"ಪಾಪ, ನನಗೋಸ್ಕರ ಬಿದ್ದೋನು. ಎದ್ನಾ ಅಂತ ನೋಡ್ಬೇಡ್ವಾ?"

ಸೊಸೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು.

ಊಟವಾದ ಮೇಲೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೊರಟರೆ, ಸೊಸೆ ಮುಂದೆ ನುಗ್ಗಿ ತಳ ಹತ್ತಿದ ದೊಡ್ಡ ಪಾತ್ರೆಗಳನ್ನೆಲ್ಲ ತನ್ನತ್ತ ಎಳೆದುಕೊಂಡಳು.

"ಸೋತಿದ್ದು ನಾನು ಕಣೇ."

"ಗೊತ್ತು. ನೀವು ನನ್ನ ಹಿಂದೇನೇ ಇರಿ. ಲೋಟ, ಚಮಚ ನಿಮ್ಮವು."