ನಲವತ್ತೊಂದು ಗೂಟ

“ಏ ಮುದಿಕಿ, ಕಟ್ಟಿ ಏರಬ್ಯಾಡ. ಅಲ್ಲೇ ಕೆಳಗ ಕುಂದ್ರ. ಅಡವಿ ಬೇಕಂತ ಇವ್ಕ, ಅಡವಿ! ನಿಮ್ಮಪ್ಪ ಕಳ್ಳ, ನಿನ್ನ ಗಂಡ ಕಳ್ಳ. ಹಾವೇರಿ ಜೈಲಿನ್ಯಾಗ ಸರಕಾರ ಜಾಗಾ ಕೊಟ್ಟೈತೆಲ್ಲ, ಅದು ಸಾಲವಲ್ದನ?”

ಊರಿನ ಧಣಿ ಶಂಕ್ರಪ್ಪ ಇದನ್ನು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಹೇಳಿದ. ನನ್ನ ಆಯಿ, ಅಪ್ಪನ ತಾಯಿ ಹೊಳಿಯವ್ವ, ಪಂಚಾಯಿತಿ ಕಟ್ಟೆಯ ಮೊದಲ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದಳು. ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಬೇವಿನ ಗಿಡದ ಬುಡದಲ್ಲಿ ನಮ್ಮ ಓಣಿಯವರ ನಡುವೆ ಕುಳಿತು ಸೆರಗು ಸರಿಮಾಡಿಕೊಂಡಳು.

“ಸಾಲವಲ್ದ್ರಿ ಧಣೇರ,” ಎಂದಳು. “ಅಲ್ಲಿ ಹುಲ್ಲ ಇಲ್ಲ. ಕೌಜುಗ ಬರಂಗಿಲ್ಲ.”

ನಮ್ಮವರು ನಕ್ಕರು. ಶಂಕ್ರಪ್ಪನ ಮಗ್ಗುಲಲ್ಲಿದ್ದ ಇಬ್ಬರು ತಾವೂ ನಕ್ಕು, ಅವನ ಮುಖ ನೋಡಿ ಬಾಯಿ ಮುಚ್ಚಿದರು. ನಾನು ನಗಲಿಲ್ಲ. ಯಾರು ನಕ್ಕರು, ಯಾರು ನಗಲಿಲ್ಲ ಎಂದು ನೋಡಿಟ್ಟುಕೊಳ್ಳುವುದು ನನಗೆ ಸಣ್ಣವಳಿದ್ದಾಗಿನಿಂದ ಅಂಟಿದ ಚಟ.

ಅದು ಎರಡು ಸಾವಿರದ ಒಂಬತ್ತನೆಯ ಇಸವಿಯ ಫೆಬ್ರುವರಿ. ಅಡವಿಯಲ್ಲಿ ಬದುಕಿದವರಿಗೆ ಅಡವಿಯ ಹಕ್ಕು ಕೊಡುವ ಕಾನೂನು ನಮ್ಮೂರಿಗೂ ಬಂದಿತ್ತು. ಅದರ ಜೊತೆ ಬೆಂಗಳೂರಿನ ಒಂದು ಸಂಸ್ಥೆಯ ಜೀಪೂ ಬಂದಿತ್ತು. ಜೀಪಿನಿಂದ ಇಳಿದ ಯೋಜನೆಯ ಮ್ಯಾನೇಜರ್ ಚೇತನಕುಮಾರ ಎದ್ದು ನಿಂತು ಕೈ ಮುಗಿದ.

“ಶಂಕ್ರಪ್ಪನವರೇ, ಹಾಗೆಲ್ಲ ಮಾತಾಡಬಾರದು. ಕರಿಕಲ್ಲ ಅಡವಿ ಈ ಕೆಳಗೆ ಕೂತಿರೋ ಹರಣಶಿಕಾರಿಗಳದ್ದು. ಅದನ್ನ ಅವರಿಗೆ ವಾಪಸ್ ಕೊಡೋಕೇ ನಾವು ಬಂದಿರೋದು.”

ಆಯಿ ಮೂರು ಮಕ್ಕಳ ತಾಯಿಯಾಗಿದ್ದಾಗ ಆ ಅಡವಿಗೆ ಬೇಲಿ ಬಿದ್ದಿತ್ತು. ಚಿಗರಿ ಜಿಂಕೆಗಳನ್ನು ಉಳಿಸಬೇಕೆಂದು ನಮ್ಮ ಗುಡಿಸಲುಗಳನ್ನು ಕಿತ್ತರು. ಹುಲ್ಲಿದ್ದ ಕಡೆ ನೀಲಗಿರಿ ನೆಟ್ಟರು. ಚಿಗರಿ ನೀಲಗಿರಿಯನ್ನು ತಿನ್ನುವುದಿಲ್ಲ. ನಮ್ಮವರು ಊರಾಚೆ ಬಂದು ಕುಳಿತರು. ಹೆಂಗಸರು ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದರು, ಗಂಡಸರು ಅದೇ ನೀಲಗಿರಿ ಕಡಿದು ಲಾರಿಗೆ ಹೇರಿದರು. ನನ್ನಪ್ಪ ಮಾಲತೇಶಪ್ಪ ಸತ್ತ ಮೇಲೆ ಕಾಕಾ ದುರುಗೇಶ ಹೀಗೆ ಹೇರಿಯೇ ನನ್ನನ್ನು ಓದಿಸಿದ. ಓಣಿಯಲ್ಲಿ ಬಿ.ಎ. ಮುಗಿಸಿದವಳು ನಾನೊಬ್ಬಳೇ. ಚೇತನಕುಮಾರ ನನ್ನನ್ನು ಬರೆಯುವ ಕೆಲಸಕ್ಕೆ ಇಟ್ಟುಕೊಂಡ.

“ದುರ್ಗಾ, ಕಾನೂನು ಪುರಾವೆ ಕೇಳುತ್ತೆ,” ಎಂದ. “ಬಾವಿ, ಗೋಡೆ, ಗೋರಿ, ಏನಾದರೂ. ನಿಮ್ಮವರು ಇವತ್ತಿಗೂ ಆ ಜಾಗದ ಸಂಬಂಧ ಇಟ್ಟುಕೊಂಡಿದಾರೆ ಅಂತ ತೋರಿಸಬೇಕು.”

ನಮ್ಮವರು ಬಾವಿ ತೋಡಿದವರಲ್ಲ, ಗೋಡೆ ಕಟ್ಟಿದವರಲ್ಲ. ನಮ್ಮಲ್ಲಿ ಇದ್ದದ್ದು ಗೂಟ.

ಕರಿಕಲ್ಲ ಅಡವಿಯ ಬಂಡೆಗಳಲ್ಲಿ ಗೇಣಾಳದ ಕುಣಿಗಳಿವೆ. ನಮ್ಮ ಹಿರಿಯರು ಕೊರೆದವು. ಕುಣಿಗೆ ಜಾಲಿಯ ಗೂಟ ಬಡಿದು, ಗೂಟಕ್ಕೆ ನರದ ಉರುಲು ಕಟ್ಟಿ ಕೌಜುಗ, ಮೊಲ ಹಿಡಿಯುತ್ತಿದ್ದರು. ಮನೆಗೊಂದು ಸಾಲು. ಸಾಲು ಹೆಣ್ಣುಮಕ್ಕಳದ್ದು, ತಾಯಿ ಮಗಳಿಗೆ ಮದುವೆಯಲ್ಲಿ ಕೊಡುತ್ತಾಳೆ. ಆಯಿಗೆ ಹೆಣ್ಣುಮಕ್ಕಳು ಉಳಿಯಲಿಲ್ಲ. ಅವಳ ಏಳು ಗೂಟದ ಸಾಲು ನನ್ನದಾಗಬೇಕಿತ್ತು. ಬೇಲಿ ಬಿದ್ದ ಮೇಲೆ ಉರುಲು ಕಟ್ಟುವುದು ನಿಂತಿತು. ಗೂಟ ಬದಲಿಸುವುದು ನಿಲ್ಲಲಿಲ್ಲ. ಪ್ರತಿ ಯುಗಾದಿಗೆ ಬೇಲಿ ನುಸುಳಿ ಹೋಗಿ, ಹಳೆಯ ಗೂಟ ಕಿತ್ತು ಹೊಸದು ಬಡಿದು, ಬರಿಗೈಯಲ್ಲಿ ಬರುತ್ತಿದ್ದರು. ಒಂದು ವರ್ಷ ತಪ್ಪಿದರೆ ಸಾಲು ಸಾಯುತ್ತದೆ.

ಕಾಕಾನಿಗೆ ಇದನ್ನು ತೋರಿಸುವುದು ಬೇಡವಾಗಿತ್ತು. “ಯವ್ವಾ, ಹೊರಗಿನವ್ರಿಗೆ ಗೂಟ ತೋರಸ್ತಾರನ? ತೆಲಿ ಕೆಟ್ಟೈತೇನ್ ನಿನಗ?”

“ಅಂವ ಕೊಡಾಕ ಬಂದಾನೋ, ಕಸಿಯಾಕ ಅಲ್ಲ,” ಎಂದಳು ಆಯಿ.

“ಕೊಡಾಕ ಬಂದಾವ್ರನ್ನ ನೀ ಎಷ್ಟ ಮಂದಿ ನೋಡೀದಿ?”

ಆಯಿ ನನ್ನ ಕಡೆ ನೋಡಿದಳು. ಕಾನೂನಿನ ಪುಸ್ತಕ ಓದಿದವಳು ನಾನು. ಹೊಸ ಗೂಟಕ್ಕಿಂತ ದೊಡ್ಡ ಪುರಾವೆ ಯಾವುದಿದೆ? ಬೇಲಿ ಹಾಕಿ ಮೂವತ್ತೈದು ವರ್ಷವಾದರೂ ನಾವು ಬಿಟ್ಟಿಲ್ಲ ಎಂದು ಅದು ಹೇಳುತ್ತದೆ. “ತೋರಸೂಣ ಆಯಿ,” ಎಂದೆ.

ಏಪ್ರಿಲ್ ಬಿಸಿಲಿನಲ್ಲಿ ಮೂರು ದಿನ ನಡೆದೆವು. ಮುಂದೆ ಆಯಿ, ಹಿಂದೆ ನಕ್ಷೆಗೆ ಜಾಗ ಗುರುತಿಸುವ ಅಂಗೈಯಗಲದ ಯಂತ್ರ ಹಿಡಿದ ಚೇತನಕುಮಾರ, ಅವನ ಹಿಂದೆ ನೋಟುಬುಕ್ಕು ಹಿಡಿದ ನಾನು. ಆಯಿ ನೆಲ ನೋಡದೆಯೇ ನಿಲ್ಲುತ್ತಿದ್ದಳು. ಒಣಹುಲ್ಲನ್ನು ಕಾಲಿನಿಂದ ಸರಿಸಿದರೆ ಗೂಟ ಇರುತ್ತಿತ್ತು. ಯಂತ್ರ ಕೀಂ ಎನ್ನುತ್ತಿತ್ತು. ನಾನು ಬರೆಯುತ್ತಿದ್ದೆ: ಎಂಟನೆಯ ಗೂಟ. ಗಂಗವ್ವನ ಸಾಲು. ಗೂಟ ಹೊಸದು, ಈ ಯುಗಾದಿಗೆ ಬಡಿದದ್ದು.

“ಉರುಲು” ಎಂಬ ಬೇಟೆಯ ಮಾತು ಬಂದಾಗ ನನ್ನ ಪೆನ್ನು ನಿಂತಿತು. ‘ವಾಸದ ಗುರುತು’ ಎಂದು ಬರೆಯಲೇ ಎಂದು ಕೇಳಿದೆ.

“ಅಜ್ಜಿ ಹೇಳಿದ್ದನ್ನೇ ಬರೀರಿ,” ಎಂದ ಚೇತನಕುಮಾರ. “ನಿಮ್ಮ ಸತ್ಯವೇ ನಿಮ್ಮ ಬಲ.”

ಬರೆದೆ. ದುಂಡಗೆ, ತಿದ್ದಿಲ್ಲದ ಹಾಗೆ ಬರೆದೆ.

ಮೂರನೆಯ ದಿನ ಅಡವಿಯ ತೆಂಕಣ ಬದಿಗೆ ಬಂದೆವು. ಬೇಲಿಯ ಕಲ್ಲುಕಂಬಗಳು ಅಲ್ಲಿ ನೆಲಕ್ಕೊರಗಿದ್ದವು. ಒಳಗೆ ಇಪ್ಪತ್ತು ಎಕರೆಯಷ್ಟು ಗೋವಿನಜೋಳದ ಕೂಳೆ. ಶಂಕ್ರಪ್ಪನ ಹೊಲ ವರ್ಷಕ್ಕೆರಡು ಮಾರಿನಂತೆ ಅಡವಿಗೆ ನುಗ್ಗಿತ್ತು. ಆಯಿ ಕೂಳೆಯೊಳಗೆ ಇಳಿದು ಹೆಜ್ಜೆ ಎಣಿಸಿ ನಿಂತಳು. ಮಣ್ಣು ಕೆದರಿದಳು. ಬಂಡೆ, ಬಂಡೆಯಲ್ಲಿ ಕುಣಿ. ಗೂಟ ಇರಲಿಲ್ಲ.

“ಇದು ನಂದು. ಕುಂಟಿ ಹೊಡದು ಕಿತ್ಯಾನ, ಬೋಳಿಮಗ. ನಾ ಪ್ರತಿ ವರ್ಷಾ ಬಡೀತೇನಿ, ಅಂವ ಪ್ರತಿ ವರ್ಷಾ ಕೀಳ್ತಾನ.” ನನ್ನ ಕಡೆ ತಿರುಗಿ, “ಬರಕೋ ಮಗಳ. ಇಲ್ಲಿಂದ ಏಳು, ನಿನ್ವು,” ಎಂದಳು.

ಹತ್ತೊಂಬತ್ತರಿಂದ ಇಪ್ಪತ್ತೈದು. ಯಂತ್ರ ಏಳು ಸಲ ಕೀಂ ಎಂದಿತು. ಅಡವಿ ಮುಗಿದಾಗ ಒಟ್ಟು ನಲವತ್ತೊಂದು.

ಆಗಸ್ಟಿನಲ್ಲಿ ಅರಣ್ಯ ಇಲಾಖೆಯವರು ಓಣಿಗೆ ನುಗ್ಗಿದರು. ಅವರ ಕೈಯಲ್ಲಿ ಬಣ್ಣದ ನಕ್ಷೆಯಿತ್ತು. ಗೂಟಗಳನ್ನು ಅದಾಗಲೇ ಕಿತ್ತು ಜೀಪಿಗೆ ತುಂಬಿದ್ದರು. ಆಯಿಯ ಗುಡಿಸಲಿನ ಗಳುವಿಗೆ ನೇತುಹಾಕಿದ್ದ ಉರುಲಿನ ಕಟ್ಟನ್ನು ಎಳೆದರು. ಅದು ನನ್ನ ಮದುವೆಗೆ ಎಂದು ತೆಗೆದಿಟ್ಟದ್ದು, ಧೂಳು ತಿಂದು ಬಿರುಸಾಗಿತ್ತು.

“ಚಿಗರಿ ಎಷ್ಟ ತಿಂದ್ಯವ್ವಾ ಈ ವರ್ಷ?” ಎಂದ ರೇಂಜರ್.

“ಕದರಮಂಡಲಗಿ ಕಾಂತೇಶನ ಆಣಿ ಸಾಹೇಬ್ರ, ಉರ್ಲ ಕಟ್ಟಿ ಮೂವತ್ತೈದು ವರ್ಷಾತು.”

“ಗೂಟ ಹೊಸಾವು ಅದಾವಲ್ಲಬೇ. ಉರ್ಲ ಇಲ್ಲದ ಗೂಟಾ ಯಾಕ ಬಡೀತಿ, ಏನ್ ನಿನ್ನ ಮಿಂಡನ್ನ ಕಟ್ಟಾಕೇನು?”

ಕಾಕಾ ಮುಂದೆ ನುಗ್ಗಿ ಅವನ ಕೊರಳಪಟ್ಟಿ ಹಿಡಿದ. ನಾಲ್ಕು ಜನ ಸೇರಿ ಬಡಿದರು. ಕಾಕಾನ ಬಾಯಿಂದ ಬಿದ್ದ ಹಲ್ಲನ್ನು ಆಯಿ ಮಣ್ಣಿನಿಂದ ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಕಾಕಾನನ್ನು ಒಯ್ದರು.

ಮರುದಿನ ಚೇತನಕುಮಾರನ ಆಫೀಸಿನಲ್ಲಿ ನಮ್ಮ ಅರ್ಜಿಯ ಮೇಲಿನ ಆದೇಶ ಓದಿದೆ. “ಅರ್ಜಿದಾರರು ಸದರಿ ಪ್ರದೇಶವನ್ನು ಇಂದಿಗೂ ಬೇಟೆಗೆ ಬಳಸುತ್ತಿರುವುದು ಅವರದೇ ಹೇಳಿಕೆಯಿಂದ ಸಾಬೀತಾಗಿದೆ.” ಅದರ ಕೆಳಗೆ: “ಹೇಳಿಕೆ ಬರೆದುಕೊಂಡವರು, ದುರ್ಗಾ ಮಾಲತೇಶಪ್ಪ ಹರಣಶಿಕಾರಿ, ಬಿ.ಎ.” ಜೊತೆಗೆ ನಕ್ಷೆ. ಕೆಂಪು ಚುಕ್ಕೆಗಳನ್ನು ಎಣಿಸಿದೆ. ಮತ್ತೆ ಎಣಿಸಿದೆ. ಮೂವತ್ತನಾಲ್ಕು. ತೆಂಕಣ ಬದಿಯಲ್ಲಿ ಗೋವಿನಜೋಳವೂ ಇರಲಿಲ್ಲ, ಅಲ್ಲಿಯ ಏಳು ಚುಕ್ಕೆಗಳೂ ಇರಲಿಲ್ಲ. ಅಲ್ಲೆಲ್ಲ ಅಡವಿಯ ಅಚ್ಚ ಹಸಿರು.

“ಇಲಾಖೆ ಜೊತೆ ಮಾಹಿತಿ ಹಂಚಿಕೊಳ್ಳಲೇಬೇಕು ಅಂತ ಒಪ್ಪಂದ ಇದೆ ದುರ್ಗಾ. ಅವರು ಹೀಗೆ ಬಳಸ್ತಾರೆ ಅಂತ ನನಗೆ ಗೊತ್ತಿರಲಿಲ್ಲ,” ಎಂದ.

“ಏಳು ಚುಕ್ಕಿ ಯಾಕ ಇಲ್ರಿ?”

ಅವನು ಕಿಟಕಿಯ ಕಡೆ ನೋಡಿದ. “ಊರಿನ ಸಹಕಾರ ಇಲ್ಲದೆ ಯಾವ ಯೋಜನೆಯೂ ನಡೆಯಲ್ಲ. ಈಗ ಅಡವಿ ಊರಿನ ಸಂರಕ್ಷಣಾ ಸಮಿತಿಗೆ ಸಿಗುತ್ತೆ. ಶಂಕ್ರಪ್ಪನವರು ಅಧ್ಯಕ್ಷರು. ಜಾಗ ಊರಿಗೇ ವಾಪಸ್ ಬರ್ತಿದೆ. ನೀವೂ ಊರಿನವರೇ ಅಲ್ವಾ?”

ನಾನು ನಕ್ಷೆ ಮಡಚಿದೆ. ಅವನು ಮುಂದುವರಿಸಿದ. ಅಕ್ಟೋಬರಿನ ವನ್ಯಜೀವಿ ಸಪ್ತಾಹದಲ್ಲಿ ಹಸ್ತಾಂತರದ ಸಮಾರಂಭ. ಆಯಿಗೆ ಶಾಲು ಹೊದಿಸುತ್ತಾರೆ. ನಾನು ವೇದಿಕೆಯ ಮೇಲೆ ಯೋಜನೆಯ ವರದಿ ಓದಬೇಕು. ಓದಿದರೆ ಕಾಕಾನ ಕೇಸಿನ ಬಗ್ಗೆ ರೇಂಜರ್ ಜೊತೆ ಅವನು ಮಾತಾಡುತ್ತಾನೆ.

ಜೈಲಿನಲ್ಲಿ ಕಾಕಾನಿಗೆ ಇದನ್ನು ಹೇಳಿದೆ. ಅವನು ಓದು ಎಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಹಲ್ಲಿಲ್ಲದ ಸಂದಿನಿಂದ ಗಾಳಿ ಹೊರಡುತ್ತಿತ್ತು. “ಕುಣಿ ಎಲ್ಲಾ ಬರಿದ ಬಿದ್ದಾವೇನ ದುರ್ಗೀ?” ಎಂದು ಕೇಳಿದ. ಅಷ್ಟೇ.

ಸಮಾರಂಭದ ದಿನ ಅಡವಿಯ ತೆಂಕಣ ಬದಿಯಲ್ಲೇ ಶಾಮಿಯಾನ ಹಾಕಿದ್ದರು. ಆಚೆ ಆಳೆತ್ತರದ ಗೋವಿನಜೋಳ. ವೇದಿಕೆಯ ಪಕ್ಕದ ಮೇಜಿನ ಮೇಲೆ ನಮ್ಮ ಮೂವತ್ತನಾಲ್ಕು ಗೂಟಗಳನ್ನು ಸಾಲಾಗಿ ಇಟ್ಟು “ವಶಪಡಿಸಿಕೊಂಡ ಬೇಟೆ ಸಾಮಗ್ರಿ” ಎಂದು ಫಲಕ ಬರೆದಿದ್ದರು. ಶಾಲೆಯ ಮಕ್ಕಳು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಆಯಿಗೆ ಶಾಲು ಹೊದಿಸಿದವನು ಶಂಕ್ರಪ್ಪ. ಶಾಲಿನ ತುದಿಯನ್ನಷ್ಟೇ ಎರಡು ಬೆರಳಿನಲ್ಲಿ ಹಿಡಿದು, ಅವಳ ಹೆಗಲು ತನಗೆ ತಾಗದಂತೆ ಎಸೆದ. ಚಪ್ಪಾಳೆ ಬಿತ್ತು.

ನನ್ನ ಹೆಸರು ಕರೆದರು. ಚೇತನಕುಮಾರ ಕೊಟ್ಟ ವರದಿ ಎಡಗೈಯಲ್ಲಿತ್ತು, ನನ್ನ ನೋಟುಬುಕ್ಕು ಬಲಗೈಯಲ್ಲಿ. ಕಾಕಾನ ಬಾಯಿಯ ಸಂದು ಕಣ್ಮುಂದೆ ಬಂತು. ನೋಟುಬುಕ್ಕು ತೆರೆದೆ.

“ಹತ್ತೊಂಬತ್ತನೆಯ ಗೂಟ. ಹೊಳಿಯವ್ವನ ಸಾಲು. ಕುಣಿ ಇದೆ, ಗೂಟ ಇಲ್ಲ. ಈಗ ಶಂಕ್ರಪ್ಪನವರ ಗೋವಿನಜೋಳ. ಇಪ್ಪತ್ತನೆಯ ಗೂಟ—”

ಮೈಕು ಸತ್ತಿತು. ಚೇತನಕುಮಾರ ವೈರು ಹಿಡಿದು ನಿಂತಿದ್ದ. ನಾನು ಮೈಕಿಲ್ಲದೆ ಓದಿದೆ. ನನ್ನ ದನಿ ಮೂರನೆಯ ಸಾಲಿನಾಚೆ ಹೋಗಿರಲಾರದು. ಆದರೆ ಆಯಿ ಮೊದಲ ಸಾಲಿನಲ್ಲಿದ್ದಳು. ಎದ್ದಳು. ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಮೇಜಿನ ಹತ್ತಿರ ಹೋಗಿ ಏಳು ಗೂಟ ಆರಿಸಿ ಮಡಿಲಿಗೆ ಹಾಕಿಕೊಂಡಳು. ಒಂದು ಕಲ್ಲು ಎತ್ತಿಕೊಂಡು ಗೋವಿನಜೋಳದೊಳಗೆ ನುಗ್ಗಿದಳು.

“ಹಿಡೀರಲೇ ಆ ಸೂಳೀನ!” ಶಂಕ್ರಪ್ಪ ಕಿರುಚಿದ. “ಪೀಕು ತುಳ್ಯಾಕತ್ತಾಳ!”

ನಾನು ವೇದಿಕೆಯಿಂದ ಹಾರಿ ಅವಳ ಹಿಂದೆ ಓಡಿದೆ. ಎಲೆಗಳು ಮುಖ ಗೀಚಿದವು. ಕಲ್ಲಿನ ಸದ್ದು ಹಿಡಿದು ಹೋದೆ. ಆಯಿ ನಾಲ್ಕು ದಂಟು ಮುರಿದು ಬದಿಗಿಟ್ಟು, ಕುಣಿಯ ಮಣ್ಣು ತೋಡಿ ಗೂಟ ಬಡಿಯುತ್ತಿದ್ದಳು. ಅವಳ ಉಸಿರು ಸಿಳ್ಳೆಯಂತೆ ಬರುತ್ತಿತ್ತು.

“ಒಂದಾತು,” ಎಂದು ಕಲ್ಲನ್ನೂ ಒಂದು ಗೂಟವನ್ನೂ ನನ್ನ ಕೈಗಿಟ್ಟಳು. “ನನ್ನ ಕೈ ಸೋತಾವು. ಮುಂದಿಂದು ಹನ್ನೆರಡು ಹೆಜ್ಜಿ.”

ನಾನು ಹನ್ನೆರಡು ಹೆಜ್ಜೆ ಎಣಿಸಿ ಮೊಣಕಾಲೂರಿ ಕುಣಿಗೆ ಗೂಟ ಇಟ್ಟೆ. ನೋಟುಬುಕ್ಕು ಎಲ್ಲಿ ಬಿತ್ತೋ ಗೊತ್ತಿಲ್ಲ. ಹಿಂದೆ ದಂಟು ಮುರಿಯುವ ಸದ್ದು, ಬೂಟುಗಳು, ಆಮೇಲೆ ಆಯಿ ಒಮ್ಮೆ “ಯವ್ವಾ” ಎಂದದ್ದು. ಗಾರ್ಡೊಬ್ಬ ನನ್ನ ಮುಂದೆ ಬಂದು ನಿಂತು ಜೇಬಿನಿಂದ ಪುಸ್ತಕ ತೆಗೆದ.

“ಹೆಸರೇನಬೇ ನಿಂದು? ಕೇಸಿಗೆ ಬೇಕು.”

“ಬರಕೋರಿ,” ಎಂದೆ. “ದುರ್ಗಾ, ತಂದಿ ಮಾಲತೇಶಪ್ಪ. ಇಪ್ಪತ್ತನೇ ಗೂಟ.”

ಕಲ್ಲು ಎತ್ತಿದೆ.