ಸೀಜರ್ ಎರಡು ಸಲ

ಯಶಶ್ರೀ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಪ್ರೂಫ್ ತಿದ್ದುವವಳು. ಒಂದು ಬೆಳಗ್ಗೆ ಮಾವಳ್ಳಿಯ ಮನೆಯಲ್ಲಿ ಮಕ್ಕಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಾಗ ಕಣ್ಣು ಕತ್ತಲಿಟ್ಟು ಬಿದ್ದಳು. ಕೈಕಾಲು ಒಂದೆರಡು ಸಲ ಅದುರಿದವು. ಗಂಡ ಮನೋಹರ್ ಆಗಲೇ ಕೆಲಸಕ್ಕೆ ಹೊರಟಾಗಿತ್ತು. ಅತ್ತೆ ಮುನಿಲಕ್ಷ್ಮಮ್ಮ ಗಾಬರಿಯಲ್ಲೇ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡ್ಯೂಟಿಯಲ್ಲಿದ್ದ ಚಿಕ್ಕ ಡಾಕ್ಟರಿಗೆ ಕನ್ನಡ ಅಷ್ಟಕ್ಕಷ್ಟೆ. ಮಂಪರಿನಲ್ಲಿದ್ದ ಸೊಸೆಯ ಪರವಾಗಿ ಎಲ್ಲ ಪ್ರಶ್ನೆಗೂ ಅತ್ತೆಯೇ ಉತ್ತರ ಹೇಳಿದರು.

ಸ್ಕ್ಯಾನಿಂಗ್‌ನಲ್ಲಿ ಏನೂ ಸಿಗಲಿಲ್ಲ. ಆದರೂ ಇದು ಫಿಟ್ಸೇ ಎಂದು ದಿನಕ್ಕೆರಡು ಮಾತ್ರೆ ಬರೆದುಕೊಟ್ಟರು. ಸ್ಕೂಟರ್ ಓಡಿಸಬಾರದು, ಒಬ್ಬಳೇ ಒಲೆಯ ಮುಂದೆ ನಿಲ್ಲಬಾರದು ಎಂದೂ ಹೇಳಿದರು.

ಮಾತ್ರೆ ಶುರುವಾದ ವಾರದಲ್ಲೇ ಅವಳಿಗೆ ಒಂದು ಕಡೆ ಕೂರಲಾಗದ ಹಾಗಾಯಿತು. ಕಾಲು ತಾನಾಗಿ ಅಲ್ಲಾಡುತ್ತಿತ್ತು. ಮಗ ಲಿಖಿತ್ ಪೆನ್ಸಿಲ್ ಬೀಳಿಸಿದರೂ ರೇಗುತ್ತಿದ್ದಳು, ರೇಗಿದ ಮೇಲೆ ಬಚ್ಚಲಿಗೆ ಹೋಗಿ ಅಳುತ್ತಿದ್ದಳು. ಕಾಯಿಲೆಯೇ ಹಾಗಿರಬೇಕು ಎಂದ ಮನೋಹರ್. ಬಸ್ಸಿನಲ್ಲಿ ಕೂತು ಅವಳು ಫೋನಿನಲ್ಲಿ ಹುಡುಕುತ್ತಿದ್ದಳು: ನ್ಯೂರಾನ್, ಟೆಂಪೊರಲ್ ಲೋಬ್, ಎಪಿಲೆಪ್ಸಿ. ಡಿಸ್ಚಾರ್ಜ್ ಅಂದರೆ ಆಸ್ಪತ್ರೆಯಿಂದ ಮನೆಗೆ ಕಳಿಸುವುದು ಎಂದಷ್ಟೇ ತಿಳಿದಿದ್ದವಳಿಗೆ, ಮೆದುಳಿನೊಳಗೂ ಡಿಸ್ಚಾರ್ಜ್ ಆಗುತ್ತದೆ, ಅದು ಕರೆಂಟು ಎಂದು ಓದಿ ಮೈ ಜುಮ್ಮೆಂದಿತು. ಬೀಳುವುದು ಇನ್ಯಾವಾಗಲೋ ಎಂದು ಕಾಯುವುದೇ ಕೆಲಸವಾಯಿತು. ಅಂಗಡಿಯಲ್ಲಿ ವರನ ತಂದೆಯ ಹೆಸರಿನಲ್ಲಿದ್ದ ತಪ್ಪನ್ನೇ ನೋಡದೆ ಬಿಟ್ಟುಬಿಟ್ಟಳು. ಐನೂರು ಕಾರ್ಡು ವ್ಯರ್ಥವಾದವು.

ಮೂರನೇ ವಾರ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೆಲಸವಿಲ್ಲದೆ ಆಸ್ಪತ್ರೆಯ ಫೈಲನ್ನು ಪ್ರೂಫ್ ನೋಡುವ ಹಾಗೆ ಒಂದೊಂದೇ ಅಕ್ಷರ ಬೆರಳಿಟ್ಟು ಓದಿದಳು. ಡಾಕ್ಟರ ಗೀಚು ಇಂಗ್ಲಿಷಿನಲ್ಲಿ ಹಿಂದಿನ ಕಾಯಿಲೆ ಎಂಬಲ್ಲಿ ಸೀಜರ್ ಎರಡು ಸಲ ಎಂದಿತ್ತು, ಅಂದರೆ ಮೊದಲೇ ಎರಡು ಸಲ ಫಿಟ್ಸ್ ಬಂದಿತ್ತೆಂದು. ಪಕ್ಕದಲ್ಲಿ ಎರಡು ಇಸವಿ, 2017 ಮತ್ತು 2020. ಒಂದು ಲಿಖಿತ್ ಹುಟ್ಟಿದ ವರ್ಷ, ಇನ್ನೊಂದು ಮಗಳು ರಕ್ಷಿತಾ ಹುಟ್ಟಿದ್ದು.

ಅರ್ಧ ದಿನ ರಜೆ ಹೇಳಿ ಮನೆಗೆ ಬಂದಳು. ಅತ್ತೆ ಸೊಪ್ಪು ಸೋಸುತ್ತಿದ್ದರು.

"ಅವತ್ತು ಡಾಕ್ಟರು ಏನು ಕೇಳಿದ್ರು ಅತ್ತೆ?"

"ಮುಂಚೆ ಸೀಜರ್ ಆಗಿತ್ತಾ ಅಂದ್ರು. ಎರಡೂ ಹೆರಿಗೆ ಸಿಜೇರಿಯನ್ನೇ ಅಲ್ವೇನಮ್ಮ? ವರ್ಷಾನೂ ಕೇಳಿದ್ರು, ಹೇಳ್ದೆ."

ಯಶಶ್ರೀ ಕೂಗಾಡಿದಳು. ಅರ್ಥವಾಗದಿದ್ದರೆ ಸುಮ್ಮನಿರಬೇಕಿತ್ತು, ನನ್ನ ಮೈ ವಿಷಯದಲ್ಲೂ ನೀವೇ ಮಾತಾಡಬೇಕಾ ಎಂದಳು. ಮುನಿಲಕ್ಷ್ಮಮ್ಮ ಸೊಪ್ಪನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಮಲಗಿದರು. ಅವತ್ತು ಊಟಕ್ಕೂ ಏಳಲಿಲ್ಲ.

ಮಾರನೇ ದಿನ ಬೇಡವೆಂದರೂ ಅತ್ತೆ ಜೊತೆಗೆ ಹೊರಟರು. ದೊಡ್ಡ ಡಾಕ್ಟರು ಶ್ರೀಧರ್ ಎಂಬುವರು. ಫೈಲ್ ನೋಡಿ, ಅವಳ ಮಾತು ಪೂರ್ತಿ ಕೇಳಿ, ಕನ್ನಡಕ ತೆಗೆದಿಟ್ಟರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ತಲೆ ಸುತ್ತಿ ಬೀಳುವಾಗಲೂ ಕೆಲವರಿಗೆ ಕೈಕಾಲು ಅದುರುತ್ತದೆ, ಇದು ಫಿಟ್ಸ್ ಅಲ್ಲ ಎಂದು ವಿವರಿಸಿದರು. ಮಾತ್ರೆಯನ್ನು ಒಮ್ಮೆಲೇ ಬಿಡುವ ಹಾಗಿಲ್ಲ, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಆ ಚಡಪಡಿಕೆ ಮಾತ್ರೆಯಿಂದಲೇ ಬಂದಿರಬಹುದು ಎಂದರು.

ಬಾಗಿಲ ಬಳಿ ನಿಂತಿದ್ದ ಮುನಿಲಕ್ಷ್ಮಮ್ಮ ಆಗ ಬಾಯಿಬಿಟ್ಟರು. "ನಂದೇ ತಪ್ಪು ಸಾರ್."

"ಅಲ್ಲಮ್ಮ," ಎಂದರು ಡಾಕ್ಟರು. "ಫಿಟ್ಸ್ ಅಂತ ಕೇಳದೇ ಇದ್ದಿದ್ದು ನಮ್ಮ ತಪ್ಪು."

ಮಾತ್ರೆ ಪೂರ್ತಿ ನಿಲ್ಲಲು ತಿಂಗಳಾಯಿತು. ಕಾಲಿನ ಅಲುಗಾಟ ಕಡಿಮೆಯಾಯಿತು. ಡಾಕ್ಟರು ಒಪ್ಪಿದ ಮೇಲೆ ಸ್ಕೂಟರ್ ಹೊರಗೆ ಬಂತು. ಆದರೂ ಬೆಳಗ್ಗೆ ಏಳುವಾಗ ಗೋಡೆ ಹಿಡಿದು ಒಂದು ಗಳಿಗೆ ನಿಲ್ಲುವ ಅಭ್ಯಾಸ ಹೋಗಲಿಲ್ಲ.

ಒಂದು ಭಾನುವಾರ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಾ ಅವಳು ಹೇಳಿದಳು, "ಅವತ್ತು ಬೈದಿದ್ದು ಮಾತ್ರೆ ಕೆಲಸ ಅತ್ತೆ. ಮನಸಲ್ಲಿಟ್ಕೋಬೇಡಿ."

"ಅಷ್ಟೂ ಮಾತ್ರೇದೇ ಅಲ್ಲ ಬಿಡಮ್ಮ," ಎಂದರು ಮುನಿಲಕ್ಷ್ಮಮ್ಮ.

ಯಶಶ್ರೀ ಇಲ್ಲವೆನ್ನಲಿಲ್ಲ. ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಳು.